ಮೂರು ಊರಿನ ಸಂಖ್ಯೆ

ಕೊಳ್ಳೇಗಾಲಕ್ಕೆ ಕಾಗದ ಬರೆಯುವವರು ವಿಳಾಸದ ಕೊನೆಯಲ್ಲಿ 571440 ಎಂದು ಬರೆಯುತ್ತಾರೆ. ಹನೂರಿಗೆ ಬರೆಯುವವರು 571439 ಎಂದು ಬರೆಯುತ್ತಾರೆ. ಯಳಂದೂರಿಗೆ ಬರೆಯುವವರು 571441 ಎಂದು. ನೆರೆಹೊರೆಯ ಮೂರು ಊರುಗಳು, ಒಂದರ ಪಕ್ಕದಲ್ಲಿ ಒಂದು ಕುಳಿತ ಮೂರು ಸಂಖ್ಯೆಗಳು. ಈ ಹೊತ್ತು ಈ ಮೂರು ಸಂಖ್ಯೆಗಳ ಬಾಗಿಲು ತೆರೆದು ಒಳಗೇನಿದೆ ಎಂದು ನೋಡೋಣ ಎಂದಿದ್ದೇನೆ. ಗಣಿತವೆಂದರೆ ಅಂಜುವವರು ರೇಡಿಯೋದ ಕಿವಿ ತಿರುಗಿಸಬೇಕಾಗಿಲ್ಲ. ಕಳೆಯುವುದು, ಗುಣಿಸುವುದು, ಭಾಗಿಸುವುದು ಇಷ್ಟು ಬಲ್ಲವರಿಗೆ ಇಲ್ಲಿ ತಿಳಿಯದಂಥದು ಯಾವುದೂ ಇಲ್ಲ. ಕೈಯಲ್ಲೊಂದು ಪೆನ್ಸಿಲು, ಎದುರಿಗೊಂದು ಹಳೆಯ ಲಕೋಟೆ ಇದ್ದರೆ ಇನ್ನೂ ಒಳ್ಳೆಯದು.

ಅಂಚೆಯ ಈ ಆರಂಕಿಯ ಪಿನ್‌ಕೋಡು ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು. ಮೊದಲಿನ 5 ಎಂಬ ಅಂಕೆ ಕರ್ನಾಟಕ, ಆಂಧ್ರಪ್ರದೇಶ, ತೆಲಂಗಾಣಗಳ ವಲಯವನ್ನು ಸೂಚಿಸುತ್ತದೆ. ಮೊದಲ ಮೂರು ಅಂಕೆಗಳು ಸೇರಿ ಕಾಗದಗಳನ್ನು ವಿಂಗಡಿಸುವ ಜಿಲ್ಲೆಯನ್ನು ತಿಳಿಸುತ್ತವೆ; ಉಳಿದ ಮೂರು ಅಂಕೆಗಳು ಕಾಗದ ಬಟವಾಡೆಯಾಗುವ ಅಂಚೆಮನೆಯನ್ನು. ನಮ್ಮ ಮೂರು ಊರುಗಳು ಹೀಗೆ ಒಂದೇ ಸಾಲಿನಲ್ಲಿ ಕುಳಿತದ್ದು ಒಂದು ದೃಷ್ಟಿಯಿಂದ ಸೋಜಿಗವೇ ಸರಿ. ಕೊಳ್ಳೇಗಾಲದ ಸೀಮೆ 1956ರವರೆಗೆ ಮದರಾಸಿನ ಆಡಳಿತಕ್ಕೆ, ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಯಳಂದೂರು ಮೈಸೂರು ಸಂಸ್ಥಾನದಲ್ಲಿತ್ತು. 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಬಂದ ಊರು ಅದು. ನಡುವೆ ಎರಡು ಸರಕಾರಗಳ ಗಡಿ ಇದ್ದ ಊರುಗಳನ್ನು ಅಂಚೆಯ ಲೆಕ್ಕ ಒಂದೇ ಬೆಂಚಿನ ಮೇಲೆ ಕೂರಿಸಿತು.

ಆದರೆ ನಾನು ಈ ಸಂಖ್ಯೆಗಳ ಬೆನ್ನು ಹತ್ತಿದ್ದು ಚರಿತ್ರೆಯ ಮೇಲಿನ ಪ್ರೀತಿಯಿಂದಲ್ಲ, ನನ್ನದೇ ಒಂದು ತಪ್ಪಿನಿಂದ. ನನ್ನ ತಂಗಿಯ ಮನೆ ಯಳಂದೂರಿನಲ್ಲಿ. ಅವಳ ಮಗಳು ಓದು ಮುಗಿಸಿ ಒಂದು ಕೆಲಸಕ್ಕೆ ಅರ್ಜಿ ಹಾಕಿದಳು. ಕೊಳ್ಳೇಗಾಲದಲ್ಲಿ ಲೆಕ್ಕದ ಮೇಷ್ಟರಾಗಿದ್ದ ಸೋದರಮಾವ ನಾನು. ಬರವಣಿಗೆ ಗುಂಡಗಿದೆ ಎಂದು ಅರ್ಜಿ ತುಂಬುವ ಕೆಲಸ ನನ್ನ ಪಾಲಿಗೆ ಬಂತು. ಹೆಸರು, ಮನೆ, ಬೀದಿ ಎಲ್ಲವನ್ನೂ ಸರಿಯಾಗಿ ಬರೆದೆ. ಊರಿನ ಹೆಸರಿನ ಜಾಗದಲ್ಲಿ ಮಸಿ ಹರಡಿತ್ತು, ಅದನ್ನು ಗಮನಿಸಲಿಲ್ಲ. ಕೊನೆಗೆ ದಿನವೂ ಬರೆದು ಅಭ್ಯಾಸವಾಗಿದ್ದ ಕೈ 571441ರ ಬದಲು 571440 ಎಂದು ಬರೆದುಬಿಟ್ಟಿತು. ಸಂದರ್ಶನದ ಕಾಗದ ಕೊಳ್ಳೇಗಾಲಕ್ಕೆ ಬಂತು, ಇಲ್ಲಿ ಅಂಥ ಬೀದಿ ಇಲ್ಲವೆಂದು ತಿರುಗಿತು, ಯಾರೋ ಪುಣ್ಯಾತ್ಮರು ಊಹಿಸಿ ಯಳಂದೂರಿಗೆ ಕಳಿಸಿದರು. ಅದು ಹುಡುಗಿಯ ಕೈ ಸೇರುವ ವೇಳೆಗೆ ಸಂದರ್ಶನ ಮುಗಿದು ಎರಡು ದಿನವಾಗಿತ್ತು.

ಅವಳು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಾವ, ಒಂದು ಅಂಕೆ ತಪ್ಪಾದರೆ, ತಪ್ಪು ಅಂತ ಆ ನಂಬರೇ ಹೇಳೋ ಹಾಗಿದ್ದಿದ್ದರೆ ಚೆನ್ನಾಗಿರ್ತಿತ್ತಲ್ವಾ?" ಎಂದಳು.

ಮೂವತ್ತು ವರ್ಷ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟವನಿಗೆ ಆ ಮಾತಿಗೆ ಕೂಡಲೇ ಉತ್ತರ ಹೊಳೆಯಲಿಲ್ಲ. ಆ ರಾತ್ರಿ ಮೂರು ಸಂಖ್ಯೆಗಳನ್ನೂ ಒಂದು ಹಾಳೆಯ ಮೇಲೆ ಬರೆದುಕೊಂಡು ಕುಳಿತೆ. ಒಂದೇ ಒಂದರ ಅಂತರ ಇರುವ ಈ ಸಂಖ್ಯೆಗಳಲ್ಲಿ ನಿಜವಾಗಿ ಎಷ್ಟು ಅಂತರವಿದೆ ಎಂದು ನೋಡಬೇಕೆನ್ನಿಸಿತು.

ಸಂಖ್ಯೆಯ ಸ್ವಭಾವ ತಿಳಿಯಬೇಕಾದರೆ ಅದನ್ನು ಯಾವ ಯಾವ ಸಂಖ್ಯೆ ಶೇಷವಿಲ್ಲದೆ ಭಾಗಿಸುತ್ತದೆ ಎಂದು ನೋಡಬೇಕು. 2, 3, 5, 7, 11, 13 ಮುಂತಾದ ಕೆಲವು ಸಂಖ್ಯೆಗಳನ್ನು ಅವೂ 1ನ್ನೂ ಬಿಟ್ಟು ಬೇರಾವುದೂ ಭಾಗಿಸುವುದಿಲ್ಲ. ಇವೇ ಅವಿಭಾಜ್ಯ ಸಂಖ್ಯೆಗಳು. ಮಿಕ್ಕ ಸಂಖ್ಯೆಗಳೆಲ್ಲ ಇವುಗಳನ್ನು ಗುಣಿಸಿ ಬಂದವು. ಅದೂ ಪ್ರತಿಯೊಂದು ಸಂಖ್ಯೆಗೂ ಒಂದೇ ಒಂದು ಬಗೆಯಲ್ಲಿ. ಸೀರೆಯ ನೇಯ್ಗೆ ಬಿಚ್ಚಿದರೆ ಎಳೆಗಳು ಸಿಕ್ಕುವಂತೆ ಸಂಖ್ಯೆಯನ್ನು ಬಿಚ್ಚಿದರೆ ಅವಿಭಾಜ್ಯಗಳು ಸಿಕ್ಕುತ್ತವೆ. ರೇಷ್ಮೆಯ ಊರಿನವರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ.

2, 3, 5ರ ಪರೀಕ್ಷೆ ಎಲ್ಲರಿಗೂ ಗೊತ್ತು. 7, 11, 13ಕ್ಕೆ ಒಂದು ಸುಲಭ ಉಪಾಯ ಹೇಳುತ್ತೇನೆ. 7, 11, 13 ಈ ಮೂರನ್ನೂ ಗುಣಿಸಿದರೆ 1001 ಬರುತ್ತದೆ. ಆದ್ದರಿಂದ ಆರಂಕಿಯ ಯಾವುದೇ ಸಂಖ್ಯೆಯನ್ನು ಮೂರು ಮೂರು ಅಂಕೆಯ ಎರಡು ತುಂಡು ಮಾಡಿ, ಒಂದರಿಂದ ಒಂದನ್ನು ಕಳೆಯಿರಿ. ಉಳಿದದ್ದನ್ನು 7 ಭಾಗಿಸಿದರೆ ಇಡೀ ಸಂಖ್ಯೆಯನ್ನೂ 7 ಭಾಗಿಸುತ್ತದೆ. 11, 13ರ ಮಾತೂ ಹಾಗೆಯೇ. ಕಾರಣ ಸರಳ: 571440 ಎಂದರೆ 571 ಸಾವಿರ ಮತ್ತು 440. ಸಾವಿರವನ್ನು 1001ರಲ್ಲಿ ಒಂದು ಕಡಮೆ ಎಂದು ಎಣಿಸಿದರೆ, 1001ರ ಭಾಗ ಹೋಗಿ ಉಳಿಯುವುದು 571ಕ್ಕೂ 440ಕ್ಕೂ ಇರುವ ವ್ಯತ್ಯಾಸ ಮಾತ್ರ.

ಈಗ ಹನೂರನ್ನು ನೋಡಿ. 571ರಲ್ಲಿ 439 ಕಳೆದರೆ 132. ಅದು ಹನ್ನೊಂದು ಹನ್ನೆರಡಲೆ. ಆದ್ದರಿಂದ ಹನೂರಿನ ಸಂಖ್ಯೆಯನ್ನು 11 ಭಾಗಿಸುತ್ತದೆ. ಯಳಂದೂರು: 571ರಲ್ಲಿ 441 ಕಳೆದರೆ 130, ಹದಿಮೂರು ಹತ್ತಲೆ. ಅದನ್ನು 13 ಭಾಗಿಸುತ್ತದೆ. ನಡುವಿನ ಕೊಳ್ಳೇಗಾಲಕ್ಕೆ ಉಳಿಯುವುದು 131. ಅದನ್ನು 7, 11, 13 ಯಾವುದೂ ಭಾಗಿಸುವುದಿಲ್ಲ. ಹಾಗಾದರೆ 7 ಎಲ್ಲಿ ಹೋಯಿತು ಎಂದು ಕೇಳುತ್ತೀರಿ. ಹನೂರಿಗೆ ಹಿಂದಿನ ಸಂಖ್ಯೆ 571438, ಅದು ಶ್ರೀರಂಗಪಟ್ಟಣದ್ದು. ಕಳೆದರೆ ಸಿಗುವುದು 133, ಎಂದರೆ ಏಳು ಹತ್ತೊಂಬತ್ತಲೆ. 7 ಕಾವೇರಿಯ ದ್ವೀಪದಲ್ಲಿ ಕುಳಿತಿದೆ!

ಇಂಥ ಸಂಖ್ಯೆಗಳ ವಿನೋದ ನಮ್ಮ ನಾಡಿಗೆ ಹೊಸದಲ್ಲ. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯನೆಂಬ ಗಣಿತಜ್ಞನಿದ್ದ. ಅವನ 'ಗಣಿತಸಾರಸಂಗ್ರಹ'ದಲ್ಲಿ ಗುಣಾಕಾರ ಕಲಿಸುವಾಗ ಬಂದ ಉತ್ತರ ಕೊರಳಿನ ಹಾರದಂತೆ ಕಾಣಬೇಕೆಂದು ಲೆಕ್ಕಗಳನ್ನು ಆರಿಸಿ ಇಟ್ಟಿದ್ದಾನೆ. 142857143ನ್ನು 7ರಿಂದ ಗುಣಿಸಿದರೆ 1000000001 ಬರುತ್ತದೆ. ಎರಡು ತುದಿಯಲ್ಲಿ ಎರಡು ಒಂದು, ನಡುವೆ ಸೊನ್ನೆಗಳ ಮಣಿ. 27994681ನ್ನು 441ರಿಂದ ಗುಣಿಸಿದರೆ 12345654321. ಒಂದರಿಂದ ಆರರವರೆಗೆ ಏರಿ ಮತ್ತೆ ಒಂದಕ್ಕೆ ಇಳಿಯುವ ಹಾರ. ಯಳಂದೂರಿನ ಸಂಖ್ಯೆಯ ಕೊನೆಯ ಮೂರು ಅಂಕೆಗಳೂ ಆ 441 ಎಂಬುದನ್ನು ಕಂಡಾಗ ಆ ರಾತ್ರಿಯ ಬೇಸರದಲ್ಲಿಯೂ ನನಗೆ ನಗು ಬಂತು.

ಆಮೇಲೆ ಮೂರು ಸಂಖ್ಯೆಗಳನ್ನೂ ಪೂರ್ತಿಯಾಗಿ ಬಿಚ್ಚಿದೆ. ಕೊಳ್ಳೇಗಾಲದ್ದು ಬೇಗ ಬಿಚ್ಚಿತು. 571440 ಎಂದರೆ ನಾಲ್ಕು ಸಲ 2, ಒಂದು ಸಲ 3, ಒಂದು ಸಲ 5, ಕೊನೆಗೆ 2381. ಈ 2381 ಅವಿಭಾಜ್ಯ. ಯಳಂದೂರಿನದರಲ್ಲಿ 13 ತೆಗೆದರೆ 43957 ಉಳಿಯಿತು. ಅದು ಸುಲಭಕ್ಕೆ ಬಗ್ಗಲಿಲ್ಲ. 2ರಿಂದ 109ರವರೆಗೆ ಇಪ್ಪತ್ತೊಂಬತ್ತು ಅವಿಭಾಜ್ಯಗಳು ಸೋತು ಹಿಂದಕ್ಕೆ ಬಂದವು. ಮೂವತ್ತನೆಯದಾದ 113 ಗೆದ್ದಿತು. 571441 ಎಂದರೆ 13, 113, 389 ಈ ಮೂರರ ಗುಣಲಬ್ಧ. ಹನೂರಿನದರಲ್ಲಿ 11 ತೆಗೆದರೆ ಉಳಿಯುವುದು 51949. ಅದರೊಡನೆ ಎರಡು ಸಂಜೆ ಗುದ್ದಾಡಿದೆ. 228ರ ವರ್ಗ 51984 ಆದ್ದರಿಂದ 227ರವರೆಗಿನ ಅವಿಭಾಜ್ಯಗಳನ್ನು ಪರೀಕ್ಷಿಸಿದರೆ ಸಾಕು, ಅವು ನಲವತ್ತೊಂಬತ್ತು. ಒಂದೂ ಭಾಗಿಸಲಿಲ್ಲ. 51949 ತಾನೇ ಅವಿಭಾಜ್ಯ. ಅಂದರೆ ಹನೂರಿನ ಸಂಖ್ಯೆಯಲ್ಲಿ ಇರುವುದು ಎರಡೇ ಎಳೆ.

ಈ ಮೂರು ಪಟ್ಟಿಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿ. ಒಂದರಲ್ಲಿರುವ ಎಳೆ ಇನ್ನೊಂದರಲ್ಲಿ ಇಲ್ಲ. ಇದು ಆಕಸ್ಮಿಕವಲ್ಲ. ಪಕ್ಕಪಕ್ಕದ ಎರಡು ಸಂಖ್ಯೆಗಳನ್ನು ಒಂದೇ ಸಂಖ್ಯೆ ಭಾಗಿಸುವುದಾದರೆ ಅವುಗಳ ವ್ಯತ್ಯಾಸವನ್ನೂ ಅದು ಭಾಗಿಸಬೇಕು. ವ್ಯತ್ಯಾಸವೋ 1, 1ನ್ನು ಭಾಗಿಸುವುದು 1 ಮಾತ್ರ. ಹನೂರಿಗೂ ಯಳಂದೂರಿಗೂ ಅಂತರ 2, ಆದರೆ ಎರಡೂ ಬೆಸ ಸಂಖ್ಯೆಗಳು. ಅಲ್ಲಿಯೂ ಹೊಂದಿಕೆ ಇಲ್ಲ. ಒಂದು ಕೂಡಿಸಿದ ಮಾತ್ರಕ್ಕೆ ಸಂಖ್ಯೆಯ ಒಳಗಿನದೆಲ್ಲ ಬದಲಾಯಿಸಿಬಿಡುತ್ತದೆ. ನಾನು ಅರ್ಜಿಯ ಮೇಲೆ ಮಾಡಿದ್ದು ಒಂದರ ತಪ್ಪು. ಸಂಖ್ಯೆಯ ಲೋಕದಲ್ಲಿ ಅದು ಒಂದರ ತಪ್ಪಲ್ಲ, ಇಡೀ ಮನೆಯನ್ನೇ ತಪ್ಪಿದ್ದು.

ಇನ್ನೊಂದು ಹೆಜ್ಜೆ ಮುಂದಿಟ್ಟು ಮೂರು ಊರಿನ ಸಂಖ್ಯೆಗಳನ್ನೂ ಒಟ್ಟಿಗೆ ಗುಣಿಸಿದೆ. ಬಂದ ಸಂಖ್ಯೆ ಇದು: 1,86,60,01,16,84,14,12,560. ಹದಿನೆಂಟು ಅಂಕೆಗಳು. 1866 ಕೋಟಿ ಕೋಟಿಗೂ ತುಸು ಮೇಲು. ಭಾಸ್ಕರಾಚಾರ್ಯರ 'ಲೀಲಾವತಿ'ಯಲ್ಲಿ ಏಕ, ದಶ, ಶತ ಎಂದು ಮೊದಲುಗೊಂಡು ಹದಿನೆಂಟು ಸ್ಥಾನಗಳ ಹೆಸರು ಇದೆ. ಹದಿನೆಂಟನೆಯದು ಪರಾರ್ಧ. ನಮ್ಮ ಮೂರು ಊರುಗಳು ಸೇರಿ ಸರಿಯಾಗಿ ಆ ಕೊನೆಯ ಮೆಟ್ಟಿಲನ್ನು ಮುಟ್ಟಿವೆ. ಮಹಾವೀರಾಚಾರ್ಯನ ಪಟ್ಟಿಯಲ್ಲಿ ಸ್ಥಾನಗಳು ಇಪ್ಪತ್ತನಾಲ್ಕು. ಅಲ್ಲಿ ಇನ್ನೂ ಆರು ಮೆಟ್ಟಿಲು ಏರಬಹುದು.

ಇಷ್ಟು ದೊಡ್ಡ ಗುಣಾಕಾರ ಸರಿಯೆಂದು ಹೇಗೆ ನಂಬುವುದು? ಅದಕ್ಕೆ ಒಂಬತ್ತರ ಒರೆಗಲ್ಲು ಉಂಟು. ಅಂಕೆಗಳನ್ನು ಕೂಡುತ್ತ ಒಂದಂಕೆಗೆ ಇಳಿಸಬೇಕು. ಹನೂರು 29, ಅದು 11, ಅದು 2. ಕೊಳ್ಳೇಗಾಲ 21, ಅದು 3. ಯಳಂದೂರು 22, ಅದು 4. ಎರಡು, ಮೂರು, ನಾಲ್ಕನ್ನು ಗುಣಿಸಿದರೆ 24, ಅದು 6. ದೊಡ್ಡ ಸಂಖ್ಯೆಯ ಹದಿನೆಂಟು ಅಂಕೆಗಳ ಮೊತ್ತ 60, ಅದೂ 6. ಈ ಒರೆಗಲ್ಲಿಗೂ ಸಿಕ್ಕದ ತಪ್ಪುಗಳಿವೆ. ಎರಡು ಅಂಕೆ ಅದಲುಬದಲಾದರೆ ಮೊತ್ತ ಬದಲಾಗುವುದಿಲ್ಲವಷ್ಟೆ. ಆದ್ದರಿಂದ 1001ರ ಉಪಾಯವನ್ನೂ ಹಚ್ಚಿದೆ. ಬಲದಿಂದ ಮೂರು ಮೂರು ಅಂಕೆಯ ತುಂಡು ಮಾಡಿ, ಒಂದು ಬಿಟ್ಟು ಒಂದನ್ನು ಕೂಡಿದರೆ ಒಂದು ಕಡೆ 2001, ಇನ್ನೊಂದು ಕಡೆ 714. ಕಳೆದರೆ 1287. ಅದನ್ನು 11 ಭಾಗಿಸುತ್ತದೆ, 13 ಭಾಗಿಸುತ್ತದೆ, 7 ಭಾಗಿಸುವುದಿಲ್ಲ. ಹನೂರಿನ 11, ಯಳಂದೂರಿನ 13 ಎರಡೂ ಆ ಮಹಾಸಂಖ್ಯೆಯೊಳಗೆ ಭದ್ರವಾಗಿವೆ. ಶ್ರೀರಂಗಪಟ್ಟಣದ 7 ಹೊರಗೇ ಉಳಿಯಿತು.

ಈ ದೊಡ್ಡ ಸಂಖ್ಯೆಯನ್ನು 1ರಿಂದ 16ರವರೆಗಿನ ಸಂಖ್ಯೆಗಳಲ್ಲಿ 7, 9, 14 ಈ ಮೂರನ್ನು ಬಿಟ್ಟು ಉಳಿದವೆಲ್ಲ ಭಾಗಿಸುತ್ತವೆ. ಕೊನೆಯಲ್ಲಿ ಒಂದೇ ಸೊನ್ನೆ ಏಕೆ ಎಂದರೆ ಒಳಗೆ ಒಂದೇ 5 ಇದೆ. ಇದನ್ನು ಭಾಗಿಸುವ ಸಂಖ್ಯೆಗಳು ಒಟ್ಟು ಎಷ್ಟು? ಬರೆಯುತ್ತ ಹೋಗಬೇಕಾಗಿಲ್ಲ. 2ನ್ನು ಬಿಡಬಹುದು, ಇಲ್ಲವೆ ಒಂದರಿಂದ ನಾಲ್ಕು ಸಲ ತೆಗೆದುಕೊಳ್ಳಬಹುದು, ಐದು ಬಗೆ. ಮಿಕ್ಕ ಎಂಟು ಅವಿಭಾಜ್ಯಗಳಲ್ಲಿ ಒಂದೊಂದನ್ನೂ ತೆಗೆದುಕೊಳ್ಳಬಹುದು, ಬಿಡಬಹುದು, ಎರಡೆರಡು ಬಗೆ. ಎಂಟು ಸಲ ಎರಡು ಗುಣಿಸಿದರೆ 256. ಐದರಿಂದ ಗುಣಿಸಿದರೆ 1280. ಒಂಬತ್ತು ಬಣ್ಣದ ಎಳೆಗಳಿಂದ 1280 ಸೀರೆ!

ಇಲ್ಲಿ ತಾವು ಒಂದು ಸಂಗತಿಯನ್ನು ಗಮನಿಸಿರಬಹುದು. ಗುಣಿಸುವುದಕ್ಕೆ ನನಗೆ ಹತ್ತು ನಿಮಿಷ ಸಾಕಾಯಿತು. ಬಿಚ್ಚುವುದಕ್ಕೆ ಸಂಜೆಗಳೇ ಬೇಕಾದವು. ಬೆಂಗಳೂರಿನಲ್ಲಿ ಹುಟ್ಟಿದ ಶಕುಂತಲಾದೇವಿಯವರು 1980ರಲ್ಲಿ ಲಂಡನ್ನಿನಲ್ಲಿ ಹದಿಮೂರು ಹದಿಮೂರು ಅಂಕೆಯ ಎರಡು ಸಂಖ್ಯೆಗಳನ್ನು ಮನಸ್ಸಿನಲ್ಲೇ ಗುಣಿಸಿ 28 ಸೆಕೆಂಡಿನಲ್ಲಿ ಇಪ್ಪತ್ತಾರಂಕೆಯ ಉತ್ತರ ಹೇಳಿದರು. ಆದರೆ ದೊಡ್ಡ ಸಂಖ್ಯೆಯನ್ನು ಅದರ ಅವಿಭಾಜ್ಯಗಳಾಗಿ ಒಡೆಯುವುದು ಯಂತ್ರಗಳಿಗೂ ಕಷ್ಟ. ಒಂದು ಸಂಖ್ಯೆ ಅವಿಭಾಜ್ಯವೇ ಅಲ್ಲವೇ ಎಂದು ಹೇಳುವುದಕ್ಕೆ ಖಚಿತವಾದ, ತ್ವರಿತವಾದ ವಿಧಾನವನ್ನು 2002ರಲ್ಲಿ ಕಾನ್ಪುರದ ಐಐಟಿಯ ಮಣೀಂದ್ರ ಅಗರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ ಕೊಟ್ಟರು. ಆದರೆ ಅವಿಭಾಜ್ಯವಲ್ಲದ ಸಂಖ್ಯೆಯನ್ನು ಒಡೆಯುವ ಕೆಲಸ ಹಾಗೆ ಸುಲಭವಾಗಿಲ್ಲ. 1977ರಲ್ಲಿ ಸವಾಲಾಗಿ ಮುಂದಿಟ್ಟ 129 ಅಂಕೆಯ ಒಂದು ಸಂಖ್ಯೆ ಒಡೆದದ್ದು 1994ರಲ್ಲಿ, ನೂರಾರು ಮಂದಿ ಯಂತ್ರಗಳನ್ನು ಹಚ್ಚಿದ ಮೇಲೆ. ಈ ಕಷ್ಟವನ್ನೇ ಬೀಗವಾಗಿ ಮಾಡಿಕೊಂಡು ಬ್ಯಾಂಕುಗಳು ಗಣಕಯಂತ್ರದ ಮೂಲಕ ಬರುವ ಹೋಗುವ ಗುಟ್ಟಿನ ಮಾತುಗಳನ್ನು ಕಾಯುತ್ತ ಬಂದಿವೆ. ಆ ಬೀಗದ ಸಂಖ್ಯೆಗಳಲ್ಲಿ ಆರುನೂರಕ್ಕೂ ಮೇಲೆ ಅಂಕೆಗಳಿರುವುದುಂಟು. ಸಂಖ್ಯೆಯ ಸ್ವಭಾವ ತಿಳಿದವರು ಅದನ್ನು ಕಾವಲಿಗೆ ನಿಲ್ಲಿಸಬಲ್ಲರು ಎಂಬುದಕ್ಕೆ ಇದೊಂದು ನಿದರ್ಶನ.

ಹಾಗಾದರೆ ತಂಗಿಯ ಮಗಳ ಪ್ರಶ್ನೆಗೂ ಅಲ್ಲಿಯೇ ಉತ್ತರವಿರಬೇಕಲ್ಲವೇ? ಇತ್ತು. ಹನೂರಿನ ಸಂಖ್ಯೆಯೊಳಗೇ ಇತ್ತು.

ಪಿನ್‌ಕೋಡುಗಳೆಲ್ಲ 11ರಿಂದ ಭಾಗವಾಗುವಂಥವೇ ಆಗಿರಬೇಕು ಎಂದು ನಿಯಮವಿದ್ದಿತೆಂದು ಇಟ್ಟುಕೊಳ್ಳೋಣ. 571439 ಅಂಥದು. ಈಗ ಬರೆಯುವವನ ಕೈ ತಪ್ಪಿ ಒಂದು ಅಂಕೆ ಬದಲಾಯಿತು. ಬಿಡಿ ಸ್ಥಾನದಲ್ಲಾದರೆ ಸಂಖ್ಯೆ 1ರಿಂದ 9ರೊಳಗೆ ಹೆಚ್ಚುಕಡಮೆಯಾಗುತ್ತದೆ, ಹತ್ತರ ಸ್ಥಾನದಲ್ಲಾದರೆ 10ರಿಂದ 90ರವರೆಗಿನ ಹತ್ತುಗಳಲ್ಲಿ, ಹೀಗೆಯೇ ಮುಂದಕ್ಕೆ. ಈ ಯಾವ ವ್ಯತ್ಯಾಸವನ್ನೂ 11 ಭಾಗಿಸಲಾರದು. ಆದ್ದರಿಂದ ಹೊಸ ಸಂಖ್ಯೆ 11ರ ಲೆಕ್ಕಕ್ಕೆ ನಿಲ್ಲುವುದಿಲ್ಲ. ಎಲ್ಲಿ ತಪ್ಪಿದರೂ ತಪ್ಪು ಕೂಡಲೇ ಹೊರಬೀಳುತ್ತದೆ. ಪಕ್ಕದ ಎರಡು ಅಂಕೆಗಳು ಅದಲುಬದಲಾದರೂ ಅಷ್ಟೆ: ಆಗ ಬರುವ ವ್ಯತ್ಯಾಸ, ಆ ಎರಡು ಅಂಕೆಗಳ ಅಂತರವನ್ನು 9ರಿಂದಲೋ, 90ರಿಂದಲೋ, 900ರಿಂದಲೋ ಗುಣಿಸಿದ್ದು, ಅದನ್ನೂ 11 ಭಾಗಿಸದು. ಒಂಬತ್ತರ ಒರೆಗಲ್ಲಿಗೆ ಸಿಕ್ಕದ ತಪ್ಪು ಹನ್ನೊಂದರ ಒರೆಗಲ್ಲಿಗೆ ಸಿಕ್ಕುತ್ತದೆ.

ಇದು ಬರಿಯ ಊಹೆಯ ಮಾತಲ್ಲ. ಪುಸ್ತಕಗಳ ಬೆನ್ನಿನ ಮೇಲೆ 2006ರವರೆಗೆ ಮುದ್ರಿಸುತ್ತಿದ್ದ ಹತ್ತಂಕೆಯ ಐಎಸ್‌ಬಿಎನ್ ಸಂಖ್ಯೆ ಈ 11ರ ಬಲದ ಮೇಲೆಯೇ ನಿಂತಿತ್ತು. ನಮ್ಮ ನಿಮ್ಮ ಆಧಾರ್ ಸಂಖ್ಯೆಯಲ್ಲಿ ಹನ್ನೆರಡನೆಯ ಅಂಕೆ ಉಳಿದ ಹನ್ನೊಂದನ್ನು ಕಾಯುವ ಕಾವಲುಗಾರ. ಅಲ್ಲಿನ ವಿಧಾನ ಬೇರೆ, ಉದ್ದೇಶ ಇದೇ. ಪಿನ್‌ಕೋಡಿಗೆ ಮಾತ್ರ ಇಂಥ ಕಾವಲಿಲ್ಲ. 571440, 571441 ಎರಡೂ ಸರಿಯಾದ ಸಂಖ್ಯೆಗಳೇ. ಒಂದನ್ನು ಇನ್ನೊಂದರ ಜಾಗದಲ್ಲಿ ಬರೆದರೆ ಸಂಖ್ಯೆಗೆ ತನ್ನ ತಪ್ಪು ತಿಳಿಯುವುದಿಲ್ಲ. ಹನ್ನೊಂದರ ನಿಯಮವಿದ್ದಿದ್ದರೆ ಈ ಮೂರು ಊರುಗಳ ನಡುವೆ ಕಡಮೆಯೆಂದರೆ ಹನ್ನೊಂದರ ಅಂತರವಿರುತ್ತಿತ್ತು. ಆರಂಕೆಯ ಸಂಖ್ಯೆಗಳಲ್ಲಿ 11 ಭಾಗಿಸುವಂಥವು ಸುಮಾರು 82 ಸಾವಿರ ಉಂಟು. ದೇಶದಲ್ಲಿ ಬಳಕೆಯಲ್ಲಿರುವ ಪಿನ್‌ಕೋಡುಗಳು ಸುಮಾರು 19 ಸಾವಿರ. ಹಂಚುವ ಕ್ರಮ ಸ್ವಲ್ಪ ಬಿಗಿಯಾಗುತ್ತಿತ್ತು ನಿಜ, ಆದರೆ ಸಂಖ್ಯೆಗಳಿಗೆ ಬರ ಬರುತ್ತಿರಲಿಲ್ಲ.

ಈ ಉತ್ತರವನ್ನು ಬರೆದುಕೊಂಡು ಮುಂದಿನ ಭಾನುವಾರ ಯಳಂದೂರಿಗೆ ಹೋದೆ. ಹೋಗಿದ್ದ ಸಂದರ್ಶನವನ್ನು ಆ ಹಾಳೆ ತಂದುಕೊಡಲಾರದು ಎಂಬುದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅವಳು ಮೊದಲಿನಿಂದ ಕೊನೆಯವರೆಗೆ ಓದಿದಳು. ಪೆನ್ಸಿಲು ತೆಗೆದುಕೊಂಡು ತನ್ನ ಫೋನ್ ನಂಬರು, ಅಪ್ಪನ ಬ್ಯಾಂಕಿನ ಲೆಕ್ಕದ ನಂಬರು ಎಲ್ಲವನ್ನೂ 11ರಿಂದ ಭಾಗಿಸಿ ನೋಡಿದಳು. ಆಮೇಲೆ, "ಹನೂರಿನೋರು ಪುಣ್ಯವಂತರು ಮಾವ" ಎಂದಳು. ಅಂದಿನಿಂದ ನಮ್ಮ ನಡುವಿನ ಸಂಕೋಚ ಕರಗಿತು.

ಎರಡು ವರ್ಷದ ಮೇಲೆ ಅವಳಿಗೆ ಬೇರೆ ಕಡೆ ಕೆಲಸ ಸಿಕ್ಕಿತು. ಆ ಅರ್ಜಿಯನ್ನು ಅವಳೇ ತುಂಬಿದಳು. ತಾವೂ ಇನ್ನು ಮುಂದೆ ಒಂದು ನಂಬರನ್ನು ಬರೆದು ಕಳಿಸುವ ಮೊದಲು ಹಿಂದಿನಿಂದ ಮುಂದಕ್ಕೆ ಒಮ್ಮೆ ಓದಿ ನೋಡಿ. ಕಾವಲಿಲ್ಲದ ಸಂಖ್ಯೆಗೆ ನಮ್ಮ ಕಣ್ಣೇ ಕಾವಲು. ಅವಳು ಈಗಲೂ ಹಬ್ಬಕ್ಕೆ ನನಗೊಂದು ಕಾಗದ ಹಾಕುತ್ತಾಳೆ. ವಿಳಾಸದ ಕೊನೆಯಲ್ಲಿ 571440 ಎಂದು ಬರೆದು, ಆ ಸೊನ್ನೆಯನ್ನು ಮಾತ್ರ ಉಳಿದ ಅಂಕೆಗಳಿಗಿಂತ ತುಸು ದೊಡ್ಡದಾಗಿ ಬರೆದಿರುತ್ತಾಳೆ.